ಹುಡುಗಿಯನ್ನು ನಗಿಸುವ ಕೆಲಸ

ನಮ್ಮ ಮನೆತನದಲ್ಲಿ ಕನ್ಯೆ ನೋಡಲು ಹೊರಟರೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಅಕ್ಕ ಹುಡುಗಿಯ ಜಡೆ ಹಿಡಿದು ನೋಡುತ್ತಾಳೆ. ಅಕ್ಕನ ಗಂಡ, ಅಂದರೆ ನಮ್ಮ ಮಾಮಾ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ನನ್ನ ಕೆಲಸ ಹುಡುಗಿಯನ್ನು ನಗಿಸುವುದು. ನಕ್ಕರೆ ಹಲ್ಲು ಕಾಣುತ್ತವೆ, ದನಿ ಕೇಳುತ್ತದೆ, ಸ್ವಭಾವವೂ ತಿಳಿಯುತ್ತದೆ ಎಂಬುದು ಹಿರಿಯರ ಲೆಕ್ಕ. (ಹುಡುಗನನ್ನು ಯಾರೂ ನಗಿಸಿ ನೋಡುವುದಿಲ್ಲ. ಅವನ ಹಲ್ಲು ಹೇಗಿದ್ದರೂ ನಡೆಯುತ್ತದೆ.)

ವಾರವಾರವೂ ಪತ್ರಿಕೆಯ ಈ ಜಾಗದಲ್ಲಿ ನಿಮ್ಮನ್ನು ನಗಿಸುತ್ತೇನಲ್ಲ, ಅದಕ್ಕೇ ನನಗೆ ಈ ಹುದ್ದೆ. ಈ ವಾರ ನಗಿಸಲಾರೆ. ಬರೆಯಲೂ ನಾಚಿಕೆಯಾಗುತ್ತಿದೆ. ಆದರೂ ಓದಿ.

ಹೋದ ತಿಂಗಳು ಅಕ್ಕನ ಮಗನಿಗೆ ಹೆಣ್ಣು ನೋಡಲು ಮಮದಾಪುರದ ಕಡೆಯ ಒಂದು ಹಳ್ಳಿಗೆ ಹೋದೆವು. (ನನ್ನ ಮಗನೂ ಮದುವೆಯ ವಯಸ್ಸಿಗೆ ಬಂದಿದ್ದಾನೆ. ಬೆಳಗಾವಿಯ ನೌಕರಿ ಕಾಯಂ ಆಗಲಿ ಎಂದು ಕಾಯುತ್ತಿದ್ದೇವೆ.) ಯುದ್ಧ ಶುರುವಾದ ಮೇಲೆ ಪೆಟ್ರೋಲ್ ಎಲ್ಲಿದೆ? ಇದ್ದಿಲು ಹಾಕಿ ಓಡಿಸುವ ಬಸ್ಸು ದಾರಿಯಲ್ಲಿ ನಿಂತಿತು. ಇಳಿದು ನೂಕಿದೆವು. ಬಸ್ಸು ಹೊರಟಿತು, ಮಾಮಾ ಹಿಂದೆಯೇ ಉಳಿದರು. ಹುಡುಗಿಯನ್ನು ನಗಿಸಲು ನನಗೆ ಇನ್ನೇನು ಬೇಕು?

ಹುಡುಗಿ ಚಹಾದ ತಾಟು ಹಿಡಿದು ಬಂದಳು. ಅವಳ ತಾಯಿ ಬಾಗಿಲ ಮರೆಯಿಂದ, "ನಮ್ಮ ಹುಡುಗಿ ಭಾಳ ನಗೂದಿಲ್ರಿ. ನಗಸಾಕ ಹೋಗಬ್ಯಾಡ್ರಿ," ಎಂದರು. ಹಾಗಂದರೆ ನಾನು ಬಿಡುತ್ತೇನೆಯೇ?

ಬಸ್ಸಿನ ಕಥೆ ಹೇಳಿದೆ. ಹುಡುಗಿ ತುಟಿ ಬಿಗಿಹಿಡಿದಳು. ಮಾಮಾ ಧೋತರ ಎತ್ತಿಕೊಂಡು ಬಸ್ಸಿನ ಹಿಂದೆ ಓಡಿದ್ದನ್ನು ಎದ್ದು ನಿಂತು ಮಾಡಿ ತೋರಿಸಿದೆ. ನಕ್ಕಳು. ಮನೆ ತುಂಬುವಂಥ ನಗು! ಮರುಕ್ಷಣ ಮೊಣಕಾಲು ಮಡಚಿ, ತಾಟಿನ ಸಮೇತ ಕುಸಿದುಬಿಟ್ಟಳು. ಕತ್ತು ವಾಲಿತು. ಕಣ್ಣು ಅರ್ಧ ಮುಚ್ಚಿದವು.

"ಫಿಟ್ಸ್!" ಎಂದು ಕೂಗಿದೆ. ಆ ಮಾತು ಮೊದಲು ಆಡಿದವನು ನಾನೇ.

ಫಿಟ್ಸ್ ಬಂದರೆ ನಮ್ಮ ಕಡೆ ಏನು ಮಾಡುತ್ತಾರೆ, ನಿಮಗೆ ಗೊತ್ತಲ್ಲ? ಕೈಗೆ ಕಬ್ಬಿಣ, ಮೂಗಿಗೆ ಚಪ್ಪಲಿ. ಹೊಸ್ತಿಲ ಹತ್ತಿರ ಬಿಟ್ಟಿದ್ದ ನನ್ನದೇ ಚಪ್ಪಲಿ ತಂದೆ. ಕೊರಳಲ್ಲಿ ಲಿಂಗ ಧರಿಸಿದ ಆ ಹುಡುಗಿಯ ಮೂಗಿಗೆ ಹಿಡಿದೆ. ಹಿಡಿದುಕೊಂಡೇ ಅಕ್ಕನಿಗೆ ಹೇಳಿದೆ, "ನಡಿ ಅಕ್ಕಾ. ಹಿಂತಾ ಪೀಡಾ ಮನಿಗೆ ತಗೊಂಡು ಏನ್ ಮಾಡ್ತಿ?"

ಸ್ವಲ್ಪ ಹೊತ್ತಿಗೆ ಹುಡುಗಿ ಎದ್ದು ಕೂತಳು. ಚಪ್ಪಲಿಯಿಂದಲೇ ಎದ್ದಳೆಂದು ನಾನು ಬೀಗಿದೆ. ತಾಯಿ ಅಳುತ್ತ, "ಫಿಟ್ಸ್ ಅಲ್ರಿ, ಬರೇ ನಿದ್ದಿ. ರೊಟ್ಟಿ ಬಡಿಯೂ ಮುಂದನೂ ಕಣ್ಣ ಹತ್ತತಾವ್ರಿ," ಎಂದರು. ಆಹಾ, ಮೈಗಳ್ಳಿ ಬೇರೆ, ಎಂದುಕೊಂಡೆ.

ನಾವು ಗೋಕಾಕ ಮುಟ್ಟುವ ಮೊದಲೇ ಸುದ್ದಿ ಸುತ್ತಲಿನ ಊರು ಮುಟ್ಟಿತ್ತು. ಹುಕ್ಕೇರಿಯ ಕಡೆಯಿಂದ ಆ ಹುಡುಗಿಯನ್ನು ನೋಡಲು ಬರಬೇಕಿದ್ದವರು ಬರಲೇ ಇಲ್ಲವಂತೆ.

ಮೊನ್ನೆ ಘಟಪ್ರಭಾದಲ್ಲಿ ರೈಲು ತಡವಾಯಿತು. ಸ್ಟೇಶನ್ನಿನ ಬಾಜೂ ದವಾಖಾನೆ ಇಟ್ಟಿರುವ ಡಾಕ್ಟರ್ ಗೆಳೆಯನ ಹತ್ತಿರ ಹೋಗಿ ಕೂತೆ. ನನ್ನ ಚಪ್ಪಲಿಯ ಪ್ರತಾಪವನ್ನು ರಸವತ್ತಾಗಿ ಹೇಳಿದೆ. ಅವನು ನಗಲಿಲ್ಲ.

"ಕೈಕಾಲು ಬಡದಳೇನು? ಬಾಯಾಗ ನೊರಿ ಬಂತೇನು?"

"ಇಲ್ಲ."

"ಹಗಲ ಹೊತ್ತಿನ್ಯಾಗ ನಿದ್ದಿ ಬರತೈತಂತೇನು?"

ರೊಟ್ಟಿಯ ಮಾತು ನೆನಪಾಯಿತು. ಹೇಳಿದೆ.

"ಫಿಟ್ಸ್ ಅಲ್ಲಪಾ ಅದು," ಎಂದ. "ಮಿದುಳಿನ ಬುಡಕ್ಕ ನಿದ್ದಿ-ಎಚ್ಚರ ಕಾಯೂ ಜಾಗಾ ಐತಿ. ನಿಮ್ಮ ಗೋಕಾಕದ ನೂಲಿನ ಗಿರಣಿ ಪಾಳಿ ಇದ್ದಂಗ ತಿಳಕೋ. ಹಗಲಪಾಳಿಯವ್ರು ಹೊರಗ ಬಂದ ಮ್ಯಾಲೆ ರಾತ್ರಿಪಾಳಿಯವ್ರು ಒಳಗ ಹೋಗಬೇಕು. ಈ ಹುಡುಗಿಗೆ ಪಾಳಿ ಬದಲಿಸೂ ಭೋಂಗಾ ಹೊತ್ತಲ್ಲದ ಹೊತ್ತಿನ್ಯಾಗ ಊದತೈತಿ. ನಕ್ಕಾಗ ಮೈಗಷ್ಟ ನಿದ್ದಿಪಾಳಿ ಬಂದುಬಿಡತೈತಿ. ಕೈಕಾಲು ಸಡಲ ಬೀಳ್ತಾವ. ಯಾಕ ಹಿಂಗ ಅಂತ ದೊಡ್ಡ ದೊಡ್ಡ ಡಾಕ್ಟರಿಗೂ ಪೂರಾ ಗೊತ್ತಿಲ್ಲ. ಆದ್ರ ಬುದ್ಧಿ ಎಚ್ಚರನ ಇರತೈತಿ."

"ಎಚ್ಚರ ಅಂದ್ರ?"

"ಎಲ್ಲಾ ಕೇಳಸತೈತಿ. ವಾಸನೀನೂ ಬರತೈತಿ."

ರೈಲು ಬಂತು, ಹೋಯಿತು. ನಾನು ಅಲ್ಲೇ ಕೂತಿದ್ದೆ. ಪೀಡಾ ಎಂದಿದ್ದೆನಲ್ಲ, ಅವಳ ಕಿವಿಯ ಹತ್ತಿರವೇ. ಚಪ್ಪಲಿ ಸರಿಸಲು ಅವಳಿಗೆ ಕೈ ಏಳದಿದ್ದಾಗ.

ಮರುದಿನ ಒಬ್ಬನೇ ಆ ಹಳ್ಳಿಗೆ ಹೋದೆ. ಹುಡುಗಿಯ ತಂದೆಯ ಮುಂದೆ ಕೂತು ಮಿದುಳು, ಪಾಳಿ, ಭೋಂಗಾ ಎಲ್ಲ ಬಿಡಿಸಿ ಹೇಳಿದೆ. (ಅಂಕಣ ಬರೆಯುವವನಲ್ಲವೇ? ಚೆನ್ನಾಗಿಯೇ ಹೇಳಿದೆ.) ಹುಡುಗಿ ಒಳಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು.

"ನಾ ಎಚ್ಚರ ಇದ್ದೆ ಅಂತ ಎಷ್ಟ ಸಲ ಹೇಳಿದ್ರೂ ಯಾರೂ ಖರೆ ಅನ್ನಲಿಲ್ರಿ ಕಾಕಾ. ನೀವು ಹೇಳಿದ್ರ ಮಂದಿ ಕೇಳ್ತಾರೇನ್ರಿ?"

"ತಪ್ಪಾತು ಯವ್ವಾ," ಎಂದೆ. ಅವಳ ಕಣ್ಣು ಹೊಸ್ತಿಲಾಚೆಯ ನನ್ನ ಚಪ್ಪಲಿಯ ಮೇಲೆ ಹೋಗಿ ಬಂತು.

ತಂದೆ ಕೇಳಿದರು, "ಹಂಗಾರ ಇದು ಮದವಿಗೆ ಅಡ್ಡಿ ಅಲ್ಲ ಅಂತೀರಿ?"

"ಏನೂ ಅಡ್ಡಿ ಇಲ್ರಿ."

"ಛಲೋ ಆತ್ರಿ. ನಿಮ್ಮ ಮನ್ಯಾಗೂ ಮದವಿ ವಯಸ್ಸಿನ ಹುಡುಗ ಅದಾನಂತಲ್ರಿ?"

ಅವರ ಮುಖದಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. "ಮನ್ಯಾಗ ಕೇಳಿ ಹೇಳ್ತೇನ್ರಿ," ಎಂದು ಎದ್ದು ಬಂದೆ.

ಆ ಹುಡುಗಿಯದು ಫಿಟ್ಸ್ ಅಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ ಹಾಗೆಂದವರಿಗೆಲ್ಲ ದಯವಿಟ್ಟು ಹೇಳಿ. ಹೆಸರು ಬರೆದಿಲ್ಲ, ಆಗಿರುವ ಹಾನಿಯೇ ಸಾಕು. ಇಷ್ಟು ಬರೆದರೆ ಮನಸ್ಸು ಹಗುರಾದೀತು ಎಂದುಕೊಂಡಿದ್ದೆ. ಒಳಗಿನಿಂದ ಹೆಂಡತಿ, "ಏನ್ ಬರ್ಯಾಕತ್ತೀರಿ ಇಷ್ಟೊತ್ತನ?" ಎಂದು ಕೇಳಿದಳು.

"ಏನಿಲ್ಲ, ನಿದ್ದಿ ಬಗ್ಗೆ," ಎಂದೆ.

ಮನೆಯಲ್ಲಿ ಇನ್ನೂ ಕೇಳಿಲ್ಲ.