ಅರದಲ್ಲಿ ಉಜ್ಜಿದ ಹಿತ್ತಾಳೆ ಬುಶ್

ಓದುಗರಿಗೆಲ್ಲ ನಮಸ್ಕಾರ. ನಾನು ದೊಡ್ಡವನಾದ ಮೇಲೆ ಓದು ಕಲಿತವನು, ತಪ್ಪಿದ್ದರೆ ಮನ್ನಿಸಿ.

ಆ ಹಿತ್ತಾಳೆ ಬುಶ್ ನೋಡಿದ ಕೂಡಲೇ ನನಗೆ ಹೊಟ್ಟೆ ಉರಿಯಿತು. ಗಾಜಿಯಾಬಾದಿನ ನಮ್ಮ ಮನೆಯ ವರ್ಕ್‌ಶಾಪಿಗೆ ಮನಾಲಿ ಕಡೆಯ ಹೆಂಗಸೊಬ್ಬರು ಹಿಮ ತೆಗೆಯುವ ಮಶೀನು ತಂದಿದ್ದರು. ಎಂಜಿನ್ ಸ್ಟಾರ್ಟ್ ಆಗುತ್ತಿರಲಿಲ್ಲ. ಬಿಚ್ಚಿದಾಗ, ತಿರುಗುವ ಶಾಫ್ಟಿನ ಸುತ್ತ ಯಾರೋ ಕೈಯಲ್ಲೇ ಮಾಡಿ ಬಳೆಯಂತೆ ಕೂರಿಸಿದ ಬುಶ್ ಕಂಡಿತು. ಶಾಫ್ಟ್ ಸವೆದಿದ್ದರೂ ಒಂದಿಷ್ಟೂ ಅಲುಗಾಟವಿರಲಿಲ್ಲ. ಲೋಹ ಕಡೆಯುವ ಲೇಥ್ ಮಶೀನು ಇಟ್ಟುಕೊಂಡಿರುವ ನನ್ನಿಂದಲೂ ಅಷ್ಟು ಚೆನ್ನಾಗಿ ಆಗುತ್ತಿರಲಿಲ್ಲ.

"ಇದು ಸರಿಯಿಲ್ಲ, ಬದಲಿಸಬೇಕು" ಎಂದು ಸುಳ್ಳು ಹೇಳಿದೆ.

"ಅಚ್ಛಾ? ಎರಡು ಚಳಿಗಾಲ ಓಡಿದೆಯಲ್ಲ, ಭಯ್ಯಾ" ಎಂದು ಅವರು ನಕ್ಕರು.

ಹಟಕ್ಕೆ ಬಿದ್ದು ಲೇಥಿನಲ್ಲಿ ಹೊಸದನ್ನು ಮಾಡಿ ಹಾಕಿದೆ. ಶಾಫ್ಟ್ ತಿರುಗದೆ ಬಿಗಿದು ನಿಂತಿತು.

"ಹಳೆಯದನ್ನೇ ಹಾಕಿ. ನಮ್ಮೂರಲ್ಲಿ ಲೇಥ್ ಇಲ್ಲ, ಅರದಲ್ಲಿ ಉಜ್ಜಿ ಉಜ್ಜಿ ನಾನೇ ಮಾಡಿದ್ದು" ಎಂದರು.

ನಾನು ನನ್ನದನ್ನು ಬಿಚ್ಚಿ ಹಳೆಯದನ್ನು ಕೂರಿಸಿದೆ. ನಿಜವಾದ ತೊಂದರೆ ಕಾರ್ಬುರೇಟರಿನ ಕಸದಲ್ಲಿತ್ತು. ಅದನ್ನು ತೆಗೆದಾಗ ಎಂಜಿನ್ ಸ್ಟಾರ್ಟ್ ಆಯಿತು. "ನಿಮ್ಮ ಕೈ ಬಹಳ ಒಳ್ಳೆಯದು" ಎಂದು ಅವರು ಮನಸಾರೆ ಹೊಗಳಿದರು. ನನಗೆ ತಲೆ ಎತ್ತಲಾಗಲಿಲ್ಲ.

ಅವರು ಹೋಗಿ ತಿಂಗಳಾಯಿತು, ಹೊಟ್ಟೆಕಿಚ್ಚು ಹೋಗಿಲ್ಲ. ಆದರೆ ಅದಕ್ಕಿಂತ ಹೆಚ್ಚು ಚುಚ್ಚುವುದು, ಸುಳ್ಳು ಹೇಳಿದೆನೆಂದು ಅವರೆದುರು ಒಪ್ಪಿಕೊಳ್ಳದೆ ಹೋದದ್ದು. ಇನ್ನೊಬ್ಬರ ಕೆಲಸ ಕಂಡು ನಿಮಗೂ ಹೀಗಾಗಿದ್ದರೆ ದಯವಿಟ್ಟು ಬರೆದು ತಿಳಿಸಿ.