ಬೇಳೆಯ ಹಾಗೆ ಬೇಯಿಸಿದ ಮೊಟ್ಟೆ

ಕೊಟ್ಟೂರಿನ ನಮ್ಮ ಓಣಿಯಲ್ಲಿ ಮೊಟ್ಟೆ ತಿನ್ನುವ ಮನೆ ಒಂದೇ ಒಂದಿತ್ತು, ಅದೂ ನಮ್ಮ ಹಿತ್ತಲಲ್ಲೇ. ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು. ಹಿತ್ತಲಿನ ಎರಡು ಕೋಣೆಯ ಮನೆಯನ್ನು ನಮ್ಮತ್ತೆ ಸರ್ಕಾರಿ ಆಸ್ಪತ್ರೆಯ ನರ್ಸಮ್ಮನಿಗೆ ಬಾಡಿಗೆಗೆ ಕೊಟ್ಟಿದ್ದರು. ನರ್ಸಮ್ಮ ಮಂಗಳೂರು ಕಡೆಯ ಕ್ರೈಸ್ತರು. ಗಂಡನಿಗೆ ಹಡಗಿನಲ್ಲಿ ಕೆಲಸ, ಇಲ್ಲಿ ಜೊತೆಗಿದ್ದವಳು ಎರಡನೇ ಕ್ಲಾಸಿನ ಮಗಳು ಮಾತ್ರ. "ಏನರ ತಿನ್ರಿ, ನಾ ಕೇಳಂಗಿಲ್ಲ. ವಾಸನಿ ಮಾತ್ರ ನಮ್ಮ ಕಡಿ ಬರಬಾರ್ದು ನೋಡ್ರಿ" ಎನ್ನುವುದೊಂದೇ ಅತ್ತೆಯ ಕರಾರು.

ಕರಾರಿನಲ್ಲಿ ಇಲ್ಲದ್ದನ್ನು ಓಣಿಯವರು ತಾವೇ ಸೇರಿಸಿಕೊಂಡರು. ಸೂಜಿ ಚುಚ್ಚಿಸಿಕೊಳ್ಳಲು ನರ್ಸಮ್ಮ ಬೇಕು, ಮಗುವಿಗೆ ಜ್ವರ ಬಂದರೆ ಬೇಕು, ಆದರೆ ಅವರ ಹೊಸ್ತಿಲು ದಾಟಿ ಒಳಗೆ ಹೋಗುವವರು ಯಾರೂ ಇಲ್ಲ. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು. ನಾನು ಹೋಗುತ್ತಿದ್ದೆ, ಬೇಕೆಂದೇ ಎಲ್ಲರಿಗೂ ಕಾಣುವ ಹಾಗೆ ಹೋಗುತ್ತಿದ್ದೆ. ಹಡಗಲಿ ಕಡೆಯಿಂದ ಸೊಸೆಯಾಗಿ ಬಂದ ನನಗೆ ಆ ಓಣಿಯಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಇದ್ದದ್ದು ಅವರೊಬ್ಬರೇ.

ಹಿಂದಿನ ಕ್ರಿಸ್‌ಮಸ್‌ಗೆ ತಾಯಿ ಮಗಳು ಸೇರಿ ತಿಂಡಿ ಕರಿದು, ತಟ್ಟೆಗಳ ಮೇಲೆ ಕರವಸ್ತ್ರ ಮುಚ್ಚಿ ಮನೆಮನೆಗೂ ಕೊಟ್ಟು ಬಂದಿದ್ದರು. ಮರುದಿನ ಹುಡುಗಿ ಶಾಲೆಗೆ ಹೊರಟಾಗ ಎದುರು ಮನೆಯ ಎಮ್ಮೆಯ ಕಲಗಚ್ಚಿನ ಬಾನಿಯಲ್ಲಿ ಅದೇ ತಿಂಡಿ ತೇಲುತ್ತಿತ್ತು. ಅವತ್ತಿನಿಂದ ಆ ಮಗು ಅಂಗಳಕ್ಕೆ ಆಡಲು ಬರುವುದನ್ನೇ ಬಿಟ್ಟಿತು. ನರ್ಸಮ್ಮ ವರ್ಗಾವಣೆಯ ಮಾತೆತ್ತಿದರು.

"ಈಸ್ಟರ್ ಒಂದು ನೋಡ್ತೇನೆ ಮಾರಾಯ್ತಿ" ಎಂದರು ನನ್ನ ಹತ್ತಿರ. "ಆ ಹಬ್ಬಕ್ಕೆ ಮೊಟ್ಟೆಗೆ ಬಣ್ಣ ಹಚ್ಚುವ ಕ್ರಮ ಉಂಟಲ್ಲ, ಅದಕ್ಕೆ ಓಣಿಯ ಮಕ್ಕಳನ್ನು ಕರೆಯುವ. ತಿನ್ನುವುದು ಬೇಡ, ಬರೇ ಬಣ್ಣ. ಅದಕ್ಕೂ ಒಬ್ಬರೂ ಬರದಿದ್ದರೆ ನಾನು ಮಗಳನ್ನು ಕರಕೊಂಡು ಬೇರೆ ಊರಿಗೆ ಹೋಗುವುದೇ."

ಹುಡುಗಿ ತಾನೇ ಪ್ರತಿ ಮನೆಯ ಬಾಗಿಲಿಗೆ ಹೋಗಿ ಕರೆದು ಬಂದಳು. "ನೋಡೋಣು ನೋಡೋಣು" ಅಂದರು ಎಲ್ಲರೂ. ಅದು ಬರುವವರ ಮಾತಲ್ಲವೆಂದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

ಹಬ್ಬದ ಹಿಂದಿನ ದಿನ, ಶನಿವಾರ. ನರ್ಸಮ್ಮ ಹಗರಿಬೊಮ್ಮನಹಳ್ಳಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಮೊಟ್ಟೆಗಳನ್ನು ಬೇಯಿಸಲೆಂದು ಕುಕ್ಕರ್ ತೊಳೆಯುತ್ತಿದ್ದರು. ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಹೆರಿಗೆ ಕಷ್ಟವಾಗಿದೆಯಂತೆ, ಕೂಡಲೇ ಬರಬೇಕಂತೆ.

"ನೀವು ಹೋಗ್ರಿ ಸಿಸ್ಟರ್, ನಾ ಕುದಿಸಿ ಇಡ್ತೀನಿ. ಅದೇನ್ ಮಹಾ!" ಎಂದು ಅವರನ್ನು ಕಳಿಸಿದೆ. ಅವರು ಗೇಟು ದಾಟಿದ ಮೇಲೆ, ನಾನು ಹುಟ್ಟಿದಾಗಿನಿಂದ ಒಂದು ಮೊಟ್ಟೆಯನ್ನೂ ಕೈಯಲ್ಲಿ ಹಿಡಿದವಳಲ್ಲ ಎಂಬುದು ನೆನಪಾಯಿತು. ಹುಡುಗಿಯನ್ನು ಕೇಳಿದರೆ ಅವಳಿಗೆ ತಿನ್ನಲು ಮಾತ್ರ ಗೊತ್ತು. ಮೊಟ್ಟೆಗಳನ್ನು ಕುಕ್ಕರಿನಲ್ಲಿ ಜೋಡಿಸಿ ನೀರು ಸುರಿಯುತ್ತಿದ್ದಾಗ ಕಿಟಕಿಯ ಹೊರಗಿನಿಂದ ಅತ್ತೆಯ ದನಿ ಕೇಳಿತು.

"ಏನ್ ನಡಸೀಯವ್ವಾ ಒಳಗ?"

"ತತ್ತಿ ಕುದಸಾಕತ್ತೀನ್ರಿ ಅತ್ತಿ."

ಇನ್ನೇನು ಮಂಗಳಾರತಿ ಶುರುವಾಗುತ್ತದೆ ಅಂದುಕೊಂಡೆ. ಆದರೆ ಒಲೆಯ ಮೇಲೆ ಏನೇ ಇರಲಿ, ಅದು ತಮ್ಮನ್ನು ಕೇಳದೆ ಬೇಯುವುದನ್ನು ನಮ್ಮತ್ತೆ ಸಹಿಸುವವರಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕಿಟಕಿಯಲ್ಲಿ ಇಣುಕಿದರು. "ಎಣ್ಣಿ ಬಿಟ್ಟಿಯೇನು? ಅರಿಶಿಣ?"

"ತತ್ತಿಗೂ ಹಾಕ್ತಾರೇನ್ರಿ?"

"ಬೇಳಿಗೆ ಹಾಕಂಗಿಲ್ಲೇನು? ಉಕ್ಕಿ ಸೀಟಿ ಕಟ್ಕೊಂಡ್ರ ಏನ್ ಮಾಡ್ತಿ? ಒಂದ್ ಚಮಚಿ ಎಣ್ಣಿ ಬಿಡು. ಅರಿಶಿಣ ಕೈಬಿಚ್ಚಿ ಹಾಕು, ವಾಸನಿ ಹೋಗ್ತೈತಿ."

ಹಾಕಿದೆ. ನನಗೂ ಅದೇ ಸರಿ ಅನ್ನಿಸಿತು ನೋಡಿ! ಸೀಟಿಯ ಲೆಕ್ಕವೂ ಅತ್ತೆಯದೇ. "ಇನ್ನೊಂದು ಕೂಗ್ಲಿ, ಇನ್ನೊಂದು" ಎಂದು ತೊಗರಿಬೇಳೆ ನುಣ್ಣಗಾಗುವಷ್ಟು ಕೂಗಿಸಿ, ಆಮೇಲೆ ಇಳಿಸು ಅಂದರು.

ಮುಚ್ಚಳ ತೆಗೆದರೆ ಕೆಲವು ಒಡೆದು ಬಾಯಿ ಬಿಟ್ಟಿದ್ದವು. ಉಳಿದವು ಅರಿಶಿಣ ಹಚ್ಚಿಸಿಕೊಂಡು ಸುರಗಿ ನೀರೆರೆಸಿಕೊಂಡ ಮದುಮಕ್ಕಳ ಹಾಗೆ ಹಳದಿಯಾಗಿ ಕೂತಿದ್ದವು. ಕೈಗೆತ್ತಿಕೊಂಡರೆ ಎಣ್ಣೆಗೆ ಜಾರುತ್ತವೆ. ಹುಡುಗಿ ಕುಂಚ ತಂದು ಒಂದರ ಮೇಲೆ ಕೆಂಪು ಬಣ್ಣ ಎಳೆದಳು. ಬಣ್ಣ ನಿಲ್ಲದೆ ಹನಿಹನಿಯಾಗಿ ಕೆಳಗಿಳಿಯಿತು. ಇನ್ನೊಮ್ಮೆ ಎಳೆದಳು, ಅದೂ ಇಳಿಯಿತು. ಅವಳು ಅಳಲಿಲ್ಲ. ಕುಂಚ ಕೆಳಗಿಟ್ಟು, "ಇನ್ನು ಯಾರೂ ಬರುವುದಿಲ್ಲ ಅಲ್ವಾ ಆಂಟಿ?" ಎಂದಳು. ನಾನು ಅವಳ ತಲೆ ಸವರಿದೆ.

ಕಿಟಕಿಯ ಹೊರಗೆ ಅತ್ತೆ ಗಂಟಲು ಸರಿಮಾಡಿಕೊಂಡರು. "ಎಣ್ಣಿ ಹಚ್ಚಿದ ಮ್ಯಾಲ ಸೀಗೇಕಾಯಿ ಹಾಕಿ ಎರೀಬೇಕು, ಅಷ್ಟ. ಅದಕ್ಯಾಕ ಮಾರಿ ಸಣ್ಣ ಮಾಡ್ತೀರಿ? ಹೊರಗ ತರ್ರಿ."

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಸೀಗೆಪುಡಿ ಹಚ್ಚಿ ತಿಕ್ಕತೊಡಗಿದೆ. ಮೊದಲನೆಯದೇ ಕೈಯಲ್ಲಿ ಪಟ್ ಎಂದು ಬಿರುಕು ಬಿಟ್ಟಿತು. "ಅಯ್ಯ ನಿನ್ನ! ಪಾತ್ರಿ ತಿಕ್ಕಾಕತ್ತೀಯೇನು? ಎಳೇ ಕೂಸಿನ ನೆತ್ತಿ ತಿಕ್ಕಿದಂಗ ತಿಕ್ಕಬೇಕು, ಕೊಡಿಲ್ಲಿ" ಎಂದು ಅತ್ತೆ ಕಿತ್ತುಕೊಂಡರು. ತತ್ತಿ ಎಂಬ ಮಾತು ಕೇಳಿದರೆ ಮುಖ ಕಿವುಚುತ್ತಿದ್ದ ನಮ್ಮತ್ತೆ! ಹುಡುಗಿ ನೀರು ಹನಿಸುತ್ತಿದ್ದಳು, ಇವರು ಒಂದೊಂದನ್ನೇ ಅಂಗೈಯಲ್ಲಿ ಹೊರಳಿಸಿ ಎರೆದು ಬಟ್ಟೆಯ ಮೇಲೆ ಒಣಗಲು ಇಡುತ್ತಿದ್ದರು. ಎಣ್ಣೆ ಬಿಟ್ಟಿತು, ಅರಿಶಿಣ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಎಲ್ಲ ಮುಗಿದ ಮೇಲೆ ಅತ್ತೆ ತಲೆ ಮೇಲೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು ಬಂದು, "ಯಾರ ಮುಂದರ ಬಾಯಿ ಬಿಟ್ಟೀ ಅಂದ್ರ ನೋಡು" ಎಂದು ನನಗೆ ಬೆರಳು ತೋರಿಸಿದರು.

ಮಧ್ಯಾಹ್ನ ನರ್ಸಮ್ಮ ಬಂದು ನೋಡಿದರು, ನನ್ನಿಂದ ಕತೆ ಕೇಳಿದರು. "ಎಂಥದು ಮಾರಾಯ್ತಿ, ಮೊಟ್ಟೆಗೆ ಎಣ್ಣೆಸ್ನಾನ ಮಾಡಿಸಿದ್ದಾ!" ಎಂದು ನಗುತ್ತಾ ನೆಲಕ್ಕೇ ಕೂತುಬಿಟ್ಟರು. ಅವರು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ನನಗೂ ಹೋದ ಜೀವ ಬಂದಂತಾಯಿತು.

ಭಾನುವಾರ ಬೆಳಿಗ್ಗೆ ತಾಯಿ ಮಗಳು ಪ್ರಾರ್ಥನೆ ಮುಗಿಸಿ ಚಾಪೆ ಹಾಸಿದರು. ಬಣ್ಣ ಕಲಸಿ, ಹಳದಿ ಮೊಟ್ಟೆಗಳನ್ನು ತಟ್ಟೆಯಲ್ಲಿಟ್ಟರು. ಹುಡುಗಿ ಹೊಸ ಫ್ರಾಕು ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಮಕ್ಕಳೇನೋ ಬಂದವು. ಹಿಂಡು ಕಟ್ಟಿಕೊಂಡು ಹಿತ್ತಲಿಗೆ ಬಂದು, ಬಾಗಿಲಿನಿಂದ ಇಷ್ಟು ದೂರದಲ್ಲಿ ನಿಂತುಬಿಟ್ಟವು. ಹಿಂದೆಯೇ ತಾಯಂದಿರು ನಮ್ಮ ಗೇಟಿನ ಹತ್ತಿರ ಸೇರಿದ್ದರು. "ಬರ್ರಿ, ಒಳಗ ಬರ್ರಿ" ಎಂದು ಕರೆದೂ ಕರೆದೂ ನನ್ನ ಗಂಟಲು ಕಟ್ಟಿತು.

"ಹೊಲಸು ಮುಟ್ಟಿ ಮನಿಗೆ ಬಂದೀ ಅಂದ್ರ ಕಾಲು ಮುರೀತೀನಿ" ಎಂದು ಎದುರು ಮನೆಯಾಕೆ ತನ್ನ ಮಗಳಿಗೆ ಗದರಿದಳು. ಎಲ್ಲರಿಗೂ ಕೇಳಿಸಿತು. ಬಾಗಿಲಲ್ಲಿದ್ದ ಹುಡುಗಿಯ ಮುಖದ ನಗು ಇಳಿಯಿತು. ನರ್ಸಮ್ಮ ತಟ್ಟೆ ಎತ್ತಿಡಲು ಬಗ್ಗಿದರು.

ಅಷ್ಟರಲ್ಲಿ ನಮ್ಮತ್ತೆ ಹಿತ್ತಲ ಬಾಗಿಲಿನಿಂದ ಹೊರಗೆ ಬಂದರು. ಮಕ್ಕಳನ್ನು ಸರಿಸಿಕೊಂಡು, ಯಾರ ಮುಖವನ್ನೂ ನೋಡದೆ, ಆ ಮನೆಯ ಹೊಸ್ತಿಲು ದಾಟಿ ಹೋಗಿ ಚಾಪೆಯ ಮೇಲೆ ಕೂತರು. ಒಂದು ಮೊಟ್ಟೆ ಎತ್ತಿ ಹಿಡಿದರು.

"ಲೇ, ಇವನ್ನ ಸೀಗೇಕಾಯಿ ಹಾಕಿ ತೊಳದಾಕಿ ನಾನು. ಇದರಾಗ ಎಲ್ಲೈತಿ ಹೊಲಸು, ತೋರಸು ಬಾ."

ಯಾರೂ ಮುಂದೆ ಬರಲಿಲ್ಲ. ಅತ್ತೆ ಹುಡುಗಿಯ ಕಡೆ ತಿರುಗಿ, "ಬಿಸಲು ಬಾಳ ಐತವ್ವಾ. ಒಂದು ಲೋಟ ನೀರು ಕೊಡು" ಎಂದರು.

ಆ ಮನೆಯ ನೀರನ್ನು ಓಣಿಯಲ್ಲಿ ನನ್ನ ಬಿಟ್ಟು ಯಾರೂ ಕುಡಿದಿರಲಿಲ್ಲ. ಹುಡುಗಿ ಎರಡೂ ಕೈಯಲ್ಲಿ ಲೋಟ ಹಿಡಿದು, ಅರ್ಧ ಚೆಲ್ಲಿಕೊಂಡು ತಂದಳು. ನಮ್ಮತ್ತೆ ಸ್ವಂತ ಮನೆಯಲ್ಲೂ ಲೋಟ ಎತ್ತಿಯೇ ಕುಡಿಯುವವರು. ಅವತ್ತು ಎಲ್ಲರೂ ನೋಡುತ್ತಿದ್ದ ಹಾಗೆ ಕಚ್ಚಿ ಕುಡಿದು, ಬಾಯಿ ಒರೆಸಿಕೊಂಡು, "ಇನ್ನೊಂದು ತಾ" ಎಂದು ಖಾಲಿ ಲೋಟ ಕೊಟ್ಟರು.

ಹುಡುಗಿ ಒಳಗೆ ಓಡಿದಳು. ಅವಳು ನೀರು ತುಂಬಿಸಿಕೊಂಡು ಬರುವಷ್ಟರಲ್ಲಿ ಚಾಪೆಯ ಮೇಲೆ ಅವಳಿಗೇ ಕೂರಲು ಜಾಗವಿರಲಿಲ್ಲ.