ಲಕ್ಕಿ ಸೊಪ್ಪು ತರುವವಳು ಮಾತಾಡಬಾರದು

ಮೊಮ್ಮಗಳು ಮನೆ ಕೊಂಡಳು. ಇದನ್ನು ಬರೆಯುವಾಗಲೂ ಸಂತೋಷಕ್ಕೆ ಅಕ್ಷರ ಸೊಟ್ಟಗಾಗುತ್ತಿದೆ, ಮೊದಲೇ ನನ್ನದು ಮೂರನೇ ಕ್ಲಾಸಿನ ಅಕ್ಷರ. ರಾಜರಾಜೇಶ್ವರಿನಗರದಲ್ಲಿ, ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಎರಡು ರೂಮಿನ ಮನೆ. ನೆಲಮಹಡಿಯೇ ಬೇಕೆಂದು ಹಟ ಹಿಡಿದವಳು ಅವಳೇ. ಗೃಹಪ್ರವೇಶಕ್ಕೆ ಬಾಡಿಗೆ ಹಸು ಬೇಡ, ಅಜ್ಜಿಯ ಹಸುವೇ ಹೊಸ್ತಿಲು ದಾಟಬೇಕು, ಅದು ಲಿಫ್ಟಿನಲ್ಲಿ ಬರುವುದಿಲ್ಲವಲ್ಲ ಎಂದಳಂತೆ. ಹಾಲು ಹಾಕುವ ಮನೆಗಳಲ್ಲಿ, ಬೂಸಾ ಅಂಗಡಿಯಲ್ಲಿ, ಕೆಂಗೇರಿ ಮೆಟ್ರೋ ಮುಂದೆ ಹೂ ಮಾರುವವಳ ಹತ್ತಿರ, ಎಲ್ಲ ಕಡೆ ಇದನ್ನು ಹೇಳಿಕೊಂಡು ತಿರುಗಿದೆ.

‘ಗೊತ್ತು ಕಣಮ್ಮಾ, ನಿನ್ನೆಯೂ ಹೇಳಿದ್ರಿ’ ಎಂದಳು ಹೂವಿನವಳು. ಆದರೂ ಇನ್ನೊಂದು ಸಲ ಹೇಳಿದೆ.

ಕೆಂಗೇರಿಯ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಈಗ ಇರುವುದು ಒಂದೇ ಹಸು. ಕೆಂಚು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ. ಮೊಮ್ಮಗಳು ಕಾಲೇಜಿಗೆ ಹೋಗುತ್ತಿದ್ದಾಗ ಹುಟ್ಟಿದ್ದು. ಅವಳ ಎಷ್ಟೋ ದುಪಟ್ಟಾ ಜಗಿದು ಬೆಳೆದದ್ದು. ಆ ದಿನ ಬೆಳಕು ಹರಿಯುವ ಮೊದಲೇ ಅದಕ್ಕೆ ಮೈ ತೊಳೆದು, ಕೊಂಬಿಗೆ ಅರಿಸಿನ ಹಚ್ಚಿ, ಸಣ್ಣ ಟೆಂಪೊ ಹತ್ತಿಸಿಕೊಂಡು ಹೋದೆವು. ಯಾರೂ ಎಳೆಯದೆ ಹೊಸ ಮನೆಯೊಳಗೆ ನಡೆದು ಹೋಯಿತು. ಹಾಲ್‌ನ ನಡುವೆ ನಿಂತು ಸಗಣಿಯನ್ನೂ ಹಾಕಿತು. ಪುರೋಹಿತರು ‘ಇದಕ್ಕಿಂತ ಶುಭ ಇನ್ನೇನಿದೆ’ ಎಂದಾಗ ನಾನು ನನ್ನ ಮಗಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಆಮೇಲೆ ಶುರುವಾಯಿತು. ಅಪಾರ್ಟ್‌ಮೆಂಟಿನವರೆಲ್ಲ ಇಳಿದು ಬಂದು ಹಸುವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಬಾಳೆಹಣ್ಣು, ಒಬ್ಬಟ್ಟು, ಸಿಹಿ ಪೊಂಗಲು ತಿನ್ನಿಸುವುದು. ಬೇಡ, ಬೇಯಿಸಿದ್ದು ಅದಕ್ಕೆ ಆಗುವುದಿಲ್ಲ ಎಂದರೆ ಯಾರು ಕೇಳಬೇಕು?

‘ಇರ್ಲಿ ಬಿಡಿ ಅಜ್ಜಿ, ಒಂದೇ ಒಂದು ತುತ್ತು. ನಮ್ಗೂ ಪುಣ್ಯ ಬರ್ಲಿ.’

ಒಬ್ಬೊಬ್ಬರದು ಒಂದೊಂದು ತುತ್ತು. ಸಾಕಾಗಿ ಹಸುವನ್ನು ಪಾರ್ಕಿಂಗಿಗೆ ಇಳಿಯುವ ಇಳಿಜಾರಿನ ಪಕ್ಕ ಕಟ್ಟಿ ಒಳಗೆ ಹೋದೆ. ಅಲ್ಲಿ ಅಡುಗೆಯವರಲ್ಲಿ ಯಾರೋ ಮಿಕ್ಕ ಪೊಂಗಲಿನ ಪಾತ್ರೆಯನ್ನೇ ಅದರ ಮುಂದೆ ಇಟ್ಟಿದ್ದು ಆಮೇಲೆ ಗೊತ್ತಾಯಿತು.

ಎರಡನೇ ಪಂಕ್ತಿ ಊಟಕ್ಕೆ ಕೂತಿತ್ತು. ವಾಚ್‌ಮನ್ ಬಂದು ಬಾಗಿ ಕಿವಿಯಲ್ಲಿ ಹೇಳಿದ, ‘ಅಜ್ಜಿ, ಹಸು ಒಂಥರಾ ಮಾಡ್ತಾ ಇದೆ.’

ಹೋಗಿ ನೋಡಿದರೆ ಎಡಪಕ್ಕೆ ಬೆನ್ನಿನ ಮಟ್ಟಕ್ಕೆ ಉಬ್ಬಿತ್ತು. ಬೆರಳಿನಿಂದ ತಟ್ಟಿದರೆ ತಮಟೆಯ ಸದ್ದು. ನಾಲಿಗೆ ಹೊರಗೆ, ಕಣ್ಣು ಎಲ್ಲೋ. ಮೊಮ್ಮಗಳ ಗಂಡ ಪಶು ಡಾಕ್ಟರಿಗೆ ಫೋನು ಮಾಡಿದ. ಅವರು ಲಗ್ಗೆರೆಯಲ್ಲಿ ಬೇರೊಂದು ಹಸುವಿನ ಹೆರಿಗೆಯಲ್ಲಿದ್ದರು. ‘ಮುಗಿಸ್ಕೊಂಡು ಬರ್ತೀನಿ, ಮಲಗೋಕೆ ಮಾತ್ರ ಬಿಡ್ಬೇಡಿ’ ಎಂದರು.

ಆ ಹೊಟ್ಟೆಯನ್ನು ನಾನು ಮೊದಲೂ ನೋಡಿದ್ದೇನೆ. ನಮ್ಮತ್ತೆ ದನಗಳಿಗೆ ನಾಟಿ ಔಷಧಿ ಕೊಡುತ್ತಿದ್ದವರು. ಭೇದಿಗೆ ದಾಳಿಂಬೆ ಸಿಪ್ಪೆ ಅರೆದು ಮಜ್ಜಿಗೆಯಲ್ಲಿ ಕುಡಿಸುವರು, ಹೊಟ್ಟೆ ಉಬ್ಬರಕ್ಕೆ ಲಕ್ಕಿ ಸೊಪ್ಪು. ಸೊಪ್ಪಿಗೆ ಹೊರಟರೆ, ಔಷಧಿ ದನದ ಗಂಟಲಲ್ಲಿ ಇಳಿಯುವವರೆಗೂ ಬಾಯಿ ತೆರೆಯಬಾರದು, ಹಿಂದೆ ತಿರುಗಬಾರದು. ತೆರೆದರೆ ಆ ಸೊಪ್ಪನ್ನು ಎಸೆದು ಬೇರೆ ತರಬೇಕು. ನಾನು ಮದುವೆಯಾಗಿ ಬಂದ ವರ್ಷ, ತವರಿನಿಂದ ನನ್ನ ಜೊತೆ ಕಳಿಸಿದ್ದ ಹಸು ಹೀಗೇ ಉಬ್ಬರಿಸಿತು. ಸೊಪ್ಪು ತರುತ್ತಿದ್ದ ಅತ್ತೆಯ ಹಿಂದೆ ಓಡುತ್ತ ‘ಅತ್ತೆ, ಉಳಿಯುತ್ತಾ?’ ಎಂದು ಕೇಳಿದೆ. ಅವರು ತಿರುಗಲಿಲ್ಲ. ಮತ್ತೆ ಕೇಳಿದೆ. ಸೆರಗು ಬಿಗಿದ ಬೆನ್ನು, ಒಡೆದ ಹಿಮ್ಮಡಿ, ಅಷ್ಟೇ. ನಾವು ತಲುಪುವ ಹೊತ್ತಿಗೆ ಹಸು ಕಾಲು ಚಾಚಿತ್ತು.

ಅತ್ತೆ ಹೋಗಿ ಕಾಲವಾಯಿತು. ಆ ಬೆನ್ನು ಮಾತ್ರ ಹೋಗಿಲ್ಲ. ಸಂತೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ನಾನು ಏನನ್ನಾದರೂ ಹೆದರಿಕೊಂಡು ಕಾಯುವಾಗಲೆಲ್ಲ ನನ್ನ ಮುಂದೆ ನಾಲ್ಕು ಮಾರು ದೂರದಲ್ಲಿ ಇರುತ್ತದೆ.

ಅಡುಗೆಯವರಿಗೆ ಓಮ, ಇಂಗು, ಬೆಳ್ಳುಳ್ಳಿ, ಮೆಣಸು ಕುಟ್ಟಿ ಎಳ್ಳೆಣ್ಣೆ ಬೆಚ್ಚಗೆ ಮಾಡಲು ಹೇಳಿದೆ. ಮೊಮ್ಮಗಳ ಗಂಡನಿಗೆ ಹೊಸ ಮಾಪಿನ ಕೋಲು ಮುರಿದು ಹಸುವಿನ ಬಾಯಿಗೆ ಅಡ್ಡಲಾಗಿ ಕಟ್ಟಲು ಹೇಳಿದೆ. ಅದನ್ನು ಜಗಿಯುತ್ತಿದ್ದರೆ ತೇಗು ಬರುತ್ತದೆ. ಹೇಳುವುದೆಲ್ಲ ಹೇಳಿ ಮುಗಿಸಿ, ಬಾಯಿ ಮುಚ್ಚಿ ಗೇಟು ದಾಟಿದೆ.

ಕಾಂಪೌಂಡಿನ ಹಿಂದೆ ರಾಜಕಾಲುವೆಯ ದಡದಲ್ಲಿ ಲಕ್ಕಿ ಗಿಡಗಳಿದ್ದದ್ದನ್ನು ಬೆಳಿಗ್ಗೆ ಟೆಂಪೊದಿಂದಲೇ ನೋಡಿದ್ದೆ. ಕೊಳಚೆಯ ವಾಸನೆ, ಕಟ್ಟಡ ಒಡೆದ ಮಣ್ಣಿನ ಗುಡ್ಡೆ. ಅದರ ಮೇಲೆ ಅತ್ತೆ ಮುಂದೆ ಮುಂದೆ ಹೋಗುತ್ತಿದ್ದರು. ನಡು ಮಧ್ಯಾಹ್ನದ ಬಿಸಿಲು. ನಾನು ನಿಂತರೆ ಅವರೂ ನಿಲ್ಲುವರು. ಅವರು ಬಾಗಿದ ಕಡೆಯೇ ನಾನೂ ಬಾಗಿ ಚಿಗುರು ಕಿತ್ತು ಮಡಿಲಿಗೆ ಹಾಕಿಕೊಂಡೆ.

ಗೇಟಿನ ಹತ್ತಿರ ಮೊಮ್ಮಗಳ ಅತ್ತೆ ಅಡ್ಡ ಬಂದರು. ‘ಏನಜ್ಜಿ, ಊಟ ಬಿಟ್ಟು ಎಲ್ಲಿಗೆ ಹೋಗಿದ್ರಿ?’

ನಾನು ಸುಮ್ಮನೆ ನಡೆದೆ.

‘ಅಯ್ಯೋ, ಬೇಜಾರಾಯ್ತಾ? ನಾವು ಕೊಟ್ಟ ಸೀರೆ ಬಣ್ಣ ಹಿಡಿಸ್ಲಿಲ್ವಾ? ಬದಲಾಯಿಸ್ಬೋದು ಕಣಜ್ಜಿ, ಹಸಿರೂ ಇದೆ.’

‘ತಾಂಬೂಲ ಮೊದ್ಲು ಅವ್ರಿಗೆ ಕೊಡ್ಬೇಕಿತ್ತು, ನಾನು ಹೇಳ್ಲಿಲ್ವಾ?’ ಎಂದು ಅವರ ಗಂಡ ಅವರ ಮೇಲೆ ರೇಗಿದರು. ಇಬ್ಬರೂ ಜಗಳವಾಡುತ್ತ, ಹಸಿರು ಸೀರೆಯ ಕವರು ಹಿಡಿದು ನನ್ನ ಹಿಂದೆಯೇ ಬಂದರು. ಬೇರೆ ದಿನವಾಗಿದ್ದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಆಗ ಮೊಮ್ಮಗಳು ಓಡಿ ಬಂದಳು. ರೇಷ್ಮೆ ಸೀರೆಯ ನೆರಿಗೆ ಕೈಯಲ್ಲಿ, ಮಲ್ಲಿಗೆ ಜಾರಿ ಭುಜದ ಮೇಲೆ.

‘ಅಜ್ಜಿ, ಅದು ಮಂಡಿ ಊರ್ತಾ ಇದೆ. ಸಾಯುತ್ತಾ ಅಜ್ಜಿ? ಮೊದಲ್ನೇ ದಿನವೇ ಬಾಗಿಲಲ್ಲಿ ಹಸು ಸತ್ರೆ ಆ ಮನೇಲಿ ಬಾಳೋಕಾಗಲ್ಲ ಅಂತ ಎಲ್ಲ ಮಾತಾಡ್ಕೋತಿದಾರೆ. ಮನೆ ಮಾರಿಬಿಡಿ ಅಂತಿದಾರೆ. ಹೇಳಜ್ಜಿ, ಉಳಿಯುತ್ತಾ?’

ಮುಂದಿದ್ದ ಬೆನ್ನು ನಿಂತಿತು. ತಿರುಗುತ್ತದೆ ಎಂದುಕೊಂಡೆ. ಇಷ್ಟು ವರ್ಷದಲ್ಲಿ ಅದು ನನಗಿಂತ ಮೊದಲು ನಿಂತದ್ದೇ ಇಲ್ಲ. ಮಡಿಲಿನ ಸೊಪ್ಪು ಒದ್ದೆ ಬಟ್ಟೆಯಂತೆ ತೂಗುತ್ತಿತ್ತು. ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತ ಇದ್ದಳು, ನನ್ನ ಬಾಯಿ ಮುಚ್ಚಿದ್ದನ್ನು ಉತ್ತರವೆಂದೇ ತಿಳಿದುಕೊಳ್ಳುತ್ತಿದ್ದಳು. ಅದು ನನಗೆ ಗೊತ್ತು. ನಾನೂ ಹಾಗೆಯೇ ತಿಳಿದುಕೊಂಡಿದ್ದವಳು.

‘ಸಾಯಲ್ಲ ಕಣೇ’ ಎಂದೆ.

ಮುಂದೆ ನೋಡಿದರೆ ಅತ್ತೆಯ ಬೆನ್ನು ಇರಲಿಲ್ಲ. ಬಿಸಿಲು ಬಿದ್ದ ಗೋಡೆ, ಸಾಲಾಗಿ ನಿಲ್ಲಿಸಿದ ಸ್ಕೂಟರುಗಳು. ಬೇರೆ ಸೊಪ್ಪು ತರುವಷ್ಟು ಹೊತ್ತೂ ಇರಲಿಲ್ಲ. ಕೆಟ್ಟ ಸೊಪ್ಪು ಹಿಡಿದು ಓಡುತ್ತಿದ್ದೇನೆ, ನನ್ನ ಕೈಯಾರೆ ಇದನ್ನು ಕೊಲ್ಲುತ್ತಿದ್ದೇನೆ ಎಂದುಕೊಂಡೆ.

ಎಲ್ಲರೂ ಸೇರಿ ಹಸುವನ್ನು ಎಬ್ಬಿಸಿ, ತಿರುಗಿಸಿ, ಮುಂಗಾಲು ಇಳಿಜಾರಿನ ಮೇಲ್ಗಡೆಗೆ ಬರುವಂತೆ ನಿಲ್ಲಿಸಿದೆವು. ಸೊಪ್ಪಿನ ರಸ ಬೆರೆಸಿದ ಎಣ್ಣೆಯನ್ನು ಬಾಟಲಿಯಲ್ಲಿ ತುಂಬಿ, ಕೋಲು ಸರಿಸಿ, ದವಡೆಯ ಪಕ್ಕದಿಂದ ಸ್ವಲ್ಪಸ್ವಲ್ಪವಾಗಿ ಬಿಟ್ಟೆ. ತಲೆ ತೀರಾ ಮೇಲೆತ್ತಿದರೆ ಶ್ವಾಸಕ್ಕೆ ಹೋಗುತ್ತದೆ. ಆಮೇಲೆ ಕೋಲು ಮತ್ತೆ ಕಟ್ಟಿ, ನಾನು ಮತ್ತು ಮೊಮ್ಮಗಳು ಎಡಪಕ್ಕೆಯನ್ನು ಮುಷ್ಟಿಯಿಂದ ಉಜ್ಜತೊಡಗಿದೆವು. ಏನೂ ಆಗಲಿಲ್ಲ. ಮೇಲಿನ ಬಾಲ್ಕನಿಗಳಲ್ಲಿ ಜನ ಮಾತು ನಿಲ್ಲಿಸಿದ್ದರು. ಹಸುವಿನ ಉಸಿರು ಗರಗಸದಂತೆ ಕೇಳುತ್ತಿತ್ತು, ಒಂದು ಸಲ ನಿಂತೂ ನಿಂತಿತು. ಮೊಮ್ಮಗಳು ಕೈ ಬಿಡಲಿಲ್ಲ.

ಆಮೇಲೆ ತೇಗಿತು. ಒಳಗಿನಿಂದ, ನಿಧಾನಕ್ಕೆ, ಮುಗಿಯುವುದೇ ಇಲ್ಲವೇನೋ ಎಂಬಂತೆ. ಹುಳಿ ಹಿಡಿದ ಪೊಂಗಲಿನ ನಾತಕ್ಕೆ ಸೀರೆಯ ಕವರು ಹಿಡಿದ ಬೀಗರು ಮೂಗು ಮುಚ್ಚಿ ಓಡಿದರು. ಇನ್ನೊಂದು ತೇಗು. ಪಕ್ಕೆ ನಮ್ಮ ಕೈಯ ಕೆಳಗೇ ಇಳಿಯತೊಡಗಿತು. ವಾಚ್‌ಮನ್ ಶಿಳ್ಳೆ ಹೊಡೆದ, ಮೇಲೆ ಯಾರೋ ಚಪ್ಪಾಳೆ ತಟ್ಟಿದರು. ನಾನು ಆ ಎಣ್ಣೆಕೈಯಲ್ಲೇ ಮೊಮ್ಮಗಳ ಕೆನ್ನೆ ಹಿಡಿದು ಮುದ್ದಿಸಿದೆ, ವಾಚ್‌ಮನ್‌ಗೂ ದೃಷ್ಟಿ ತೆಗೆದೆ.

ಡಾಕ್ಟರು ಬಂದು ಪಕ್ಕೆಗೆ ಕಿವಿಗೊಳವೆ ಇಟ್ಟು ಕೇಳಿ, ಒಂದು ಇಂಜೆಕ್ಷನ್ ಕೊಟ್ಟರು. ‘ಏರಿನಲ್ಲಿ ನಿಲ್ಸಿದ್ದು ಒಳ್ಳೇದಾಯ್ತು. ಒಣಹುಲ್ಲು ಬಿಟ್ಟು ಏನೂ ಹಾಕ್ಬೇಡಿ. ಪುಣ್ಯ ಬೇಕಾದವರಿಗೆ ಹುಲ್ಲು ತರೋಕೆ ಹೇಳಿ’ ಎಂದರು.

ಸಂಜೆ ಬಿಸಿಲು ಇಳಿದ ಮೇಲೆ ಹಸು ಮಲಗಿ ಮೆಲುಕು ಹಾಕಲು ಶುರುಮಾಡಿತು. ಅದನ್ನು ನೋಡುತ್ತ ನಾವಿಬ್ಬರೂ ನೆಲದ ಮೇಲೆ ಕೂತೆವು. ಸೊಪ್ಪಿನ ಕಟ್ಟಳೆಯನ್ನು ಆಗ ಅವಳಿಗೆ ಹೇಳಿದೆ.

‘ಯಾಕಜ್ಜಿ ಮಾತಾಡ್ಬಾರ್ದು?’

‘ಯಾರೂ ಹೇಳ್ಕೊಡ್ಲಿಲ್ಲ ಕಣೇ. ಕೇಳಿದವ್ರಿಗೆ ಸುಳ್ಳು ಹೇಳ್ಬೇಕಾಗುತ್ತಲ್ಲ ಅಂತ ಇರ್ಬೋದು.’

ಅವಳು ನನ್ನ ಕಡೆ ತಿರುಗಿದಳು. ‘ಹಾಗಾದ್ರೆ ನೀನು ಹೇಳಿದ್ದು?’

‘ಆಗ ಅದು ಸುಳ್ಳೇ.’

ಅವಳು ಸರಿದು ಬಂದು, ರೇಷ್ಮೆ ಸೀರೆಯಲ್ಲೇ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ‘ಮನೆ ಮಾರಲ್ಲ ಅಂತ ಒಳಗೆ ಹೋಗಿ ಹೇಳ್ಬೇಕು ಅಜ್ಜಿ’ ಎಂದಳು, ಏಳಲಿಲ್ಲ.